ಕಾಯಿಲೆ ಮುಂಚೆನೇ ಊಹಿಸೋ ಮಾಡೆಲ್‌ಗಳು ವಾರ್ಡಿನಲ್ಲಿ ಯಾಕೆ ಎಡವ್ತವೆ?

ಮಾಡೆಲ್ ಅಂದ್ರೆ ಹಳೇ ರೋಗಿಗಳ ಡೇಟಾದಿಂದ ಕಲಿತು ಊಹೆ ಮಾಡೋ ಕಂಪ್ಯೂಟರ್ ಪ್ರೋಗ್ರಾಂ. ಆದ್ರೆ ರೋಗಿಗೆ ಮುಂದೆ ಏನಾಗಬಹುದು ಅಂತ ಲೆಕ್ಕ ಹಾಕಿ ಹೇಳೋದು ಎಐ ಬಂದ್ಮೇಲೆ ಶುರುವಾಗಿದ್ದಲ್ಲ. 1953ರಲ್ಲೇ ವರ್ಜೀನಿಯಾ ಎಪ್ಗಾರ್ ಅನ್ನೋ ಡಾಕ್ಟರ್, ಆಗಷ್ಟೇ ಹುಟ್ಟಿದ ಮಗುವಿನ ಐದು ಲಕ್ಷಣ ನೋಡಿ ಹತ್ತಕ್ಕೆ ಇಷ್ಟು ಅಂತ ಸ್ಕೋರ್ ಕೊಡೋ ಪದ್ಧತಿ ಪ್ರಕಟಿಸಿದ್ರು. ಇವತ್ತಿಗೂ ಅದು ಬಳಕೇಲಿದೆ, ಯಾಕಂದ್ರೆ ಯಾವ ಮೆಷಿನ್ನೂ ಬೇಡ, ನೋಡ್ತಾ ನೋಡ್ತಾನೇ ಹಾಕ್ಬೋದು.

ಕಂಪ್ಯೂಟರ್ ಕಥೆ ಮಾತ್ರ ಇಷ್ಟು ಸಲೀಸಾಗಿಲ್ಲ. 1972ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಡಿ ಡೊಂಬಾಲ್ ಅನ್ನೋ ಡಾಕ್ಟರ್ ತಂಡದವರು ತೀವ್ರ ಹೊಟ್ಟೆನೋವು ಅಂತ ಬಂದ 304 ರೋಗಿಗಳ ಮೇಲೆ ಪರೀಕ್ಷೆ ಮಾಡಿದ್ರು, ಕಾಯಿಲೆ ಯಾವುದು ಅಂತ ಕಂಪ್ಯೂಟರ್ 91.8% ಸರಿ ಹೇಳ್ತು, ಹಿರಿಯ ಡಾಕ್ಟರ್‌ಗಳು 79.6%. ಎಲ್ರೂ ಬೆರಗಾಗೋ ಫಲಿತಾಂಶನೇ, ಆದ್ರೆ ಅದೇ ಲೀಡ್ಸ್ ಡೇಟಾ ಇಟ್ಕೊಂಡು ಬೇರೆ ದೇಶದಲ್ಲಿ ಓಡಿಸಿದಾಗ ಅಷ್ಟು ಸರಿ ಬರ್ಲಿಲ್ಲ. ರೋಗಿಗಳು ಬೇರೆ, ಲಕ್ಷಣ ಬರ್ಕೊಳ್ಳೋ ರೀತಿನೂ ಬೇರೆ. ಈ ಸಮಸ್ಯೆ ಇವತ್ತಿಗೂ ನಮ್ಮನ್ನ ಬಿಟ್ಟಿಲ್ಲ.

ಇನ್ನೊಂದು ತೊಡಕು ಡೇಟಾದೊಳಗೇ ಅಡಗಿರುತ್ತೆ. 1990ರ ದಶಕದಲ್ಲಿ ಅಮೆರಿಕದಲ್ಲಿ ನ್ಯುಮೋನಿಯಾ ರೋಗಿಗಳ ಸಾವಿನ ಅಪಾಯ ಅಂದಾಜು ಮಾಡೋ ಕೆಲಸ ನಡೀತಿತ್ತು, ಡೇಟಾದಿಂದ ಕಲಿತ ನಿಯಮ ನೋಡಿದ್ರೆ ಅಸ್ತಮಾ ಇದ್ರೆ ಅಪಾಯ ಕಮ್ಮಿ ಅಂತಿತ್ತು! ಅಸಲಿ ವಿಷಯ ಏನಂದ್ರೆ ಅಸ್ತಮಾ ಇರೋರನ್ನ ನೇರವಾಗಿ ಐಸಿಯುಗೆ ಹಾಕಿ ಚೆನ್ನಾಗಿ ನೋಡ್ಕೊಳ್ತಿದ್ರು, ಅದಕ್ಕೇ ಬದುಕ್ತಿದ್ರು. ಮಾಡೆಲ್ ಮಾತು ಕೇಳಿ ಅವರನ್ನ ಮನೆಗೆ ಕಳಿಸಿದ್ರೆ ಜೀವಗಳೇ ಹೋಗ್ತಿದ್ವು.

ಈಗಿನ ದೊಡ್ಡ ಉದಾಹರಣೆ ಸೆಪ್ಸಿಸ್, ಅಂದ್ರೆ ಸೋಂಕಿಗೆ ದೇಹ ಅತಿಯಾಗಿ ಪ್ರತಿಕ್ರಿಯಿಸಿ ಅಂಗಾಂಗಗಳೇ ಕೆಡೋ ಸ್ಥಿತಿ. ಆಸ್ಪತ್ರೆಗಳಿಗೆ ರೋಗಿಗಳ ದಾಖಲೆ ಇಡೋ ಸಾಫ್ಟ್‌ವೇರ್ ಮಾಡೋ ಎಪಿಕ್ ಕಂಪನಿಯ ಸೆಪ್ಸಿಸ್ ಮಾಡೆಲ್ ಅಮೆರಿಕದ ನೂರಾರು ಆಸ್ಪತ್ರೆಗಳಲ್ಲಿ ಓಡ್ತಿತ್ತು, 2021ರಲ್ಲಿ ಮಿಷಿಗನ್ ಯೂನಿವರ್ಸಿಟಿಯವರು ತಮ್ಮ ರೋಗಿಗಳ ಮೇಲೆ ಪರೀಕ್ಷಿಸಿ ನೋಡಿದ್ರೆ ಸೆಪ್ಸಿಸ್ ಇದ್ದವರಲ್ಲಿ 67% ಜನರನ್ನ ಅದು ಹಿಡಿದೇ ಇರ್ಲಿಲ್ಲ, ಅಷ್ಟಾದ್ರೂ ದಾಖಲಾದ ರೋಗಿಗಳಲ್ಲಿ 18% ಜನರಿಗೆ ಅಲರ್ಟ್ ಹೊಡೀತಿತ್ತು. ಹಗಲೂ ರಾತ್ರಿ ಸುಮ್ನೆ ಬಡ್ಕೊಳ್ಳೋ ಅಲರ್ಟನ್ನ ನರ್ಸ್‌ಗಳು ಎಷ್ಟು ದಿನ ಅಂತ ನೋಡ್ತಾರೆ?

ಹಾಗಂತ ಕೈಬಿಡೋ ವಿಷಯ ಅಲ್ಲ ಇದು. 2022ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಯೂನಿವರ್ಸಿಟಿಯವರು ತಮ್ಮ ಸೆಪ್ಸಿಸ್ ಮಾಡೆಲ್ ಬಗ್ಗೆ ಐದು ಆಸ್ಪತ್ರೆಗಳ ಫಲಿತಾಂಶ ಕೊಟ್ರು, ಅಲರ್ಟ್ ಬಂದು ಮೂರು ಗಂಟೆಯೊಳಗೆ ಚಿಕಿತ್ಸೆ ಕೊಡೋರು ನೋಡಿ ಹೌದು ಅಂತ ಖಚಿತಪಡಿಸಿದ ರೋಗಿಗಳಲ್ಲಿ ಸಾವು ಕಮ್ಮಿ ಇತ್ತು. ಅಲರ್ಟ್ ಯಾರ ಕೈಗೆ ಹೋಗುತ್ತೆ, ಅವರಿಗೆ ನೋಡೋಕೆ ಪುರುಸೊತ್ತಿದ್ಯಾ, ನೋಡಿದ್ಮೇಲೆ ಮುಂದಿನ ಹೆಜ್ಜೆ ಏನು, ಇದನ್ನೆಲ್ಲ ಮೊದಲೇ ಕೂತು ತೀರ್ಮಾನ ಮಾಡ್ಬೇಕು. ಕೆಲವು ಕಡೆ ಮಾಡೆಲನ್ನ ಮೊದಲು ಯಾರಿಗೂ ಅಲರ್ಟ್ ಕೊಡದೆ ತೆರೆಮರೆಯಲ್ಲಿ ಓಡಿಸಿ, ತಮ್ಮದೇ ರೋಗಿಗಳ ಜೊತೆ ತಾಳೆ ನೋಡಿ ಆಮೇಲೆ ಆನ್ ಮಾಡ್ತಾರೆ. ನನ್ನ ಪ್ರಕಾರ ಎಲ್ಲಾ ಕಡೆನೂ ಅದು ಕಡ್ಡಾಯ ಆಗ್ಲೇಬೇಕು.