ಹಿತ್ತಲಿನ ಔಟ್‌ಹೌಸ್‌ಗೆ ಮೆಶ್ ವೈಫೈ: ದೂರಕ್ಕಿಂತ ಗೋಡೆಯೇ ದೊಡ್ಡದು

ಮನೆಯೊಳಗೆ ಮೆಶ್, ಅಂದರೆ ಅಲ್ಲಲ್ಲಿ ಇಟ್ಟ ಚಿಕ್ಕ ವೈಫೈ ಪೆಟ್ಟಿಗೆಗಳು (ನೋಡ್‌ಗಳು) ಸೇರಿ ಕಟ್ಟುವ ಒಂದೇ ವೈಫೈ, ಚೆನ್ನಾಗಿ ಓಡುತ್ತಿರುತ್ತದೆ. ಹಿತ್ತಲಿನ ಔಟ್‌ಹೌಸ್‌ಗೆ ಹೋದರೆ ವಿಡಿಯೊ ಸುತ್ತುತ್ತಲೇ ಇರುತ್ತದೆ. ಆಗ ನಮಗೆ ಮೊದಲು ಹೊಳೆಯುವುದು ಇನ್ನೊಂದು ನೋಡ್ ತಂದು ಔಟ್‌ಹೌಸ್‌ನೊಳಗೆ ಇಡೋದು. ಇಟ್ಟ ಮೇಲೆ ಫೋನಿನಲ್ಲಿ ಸಿಗ್ನಲ್ ಕಡ್ಡಿ ಪೂರ್ತಿ ಬರುತ್ತದೆ. ವೇಗ ಮಾತ್ರ ಬರುವುದಿಲ್ಲ. ಯಾಕೆ?

ಫೋನು ತೋರಿಸುವುದು ತನಗೂ ಹತ್ತಿರದ ನೋಡ್‌ಗೂ ನಡುವಿನ ಸಿಗ್ನಲ್ಲನ್ನು. ಆ ನೋಡ್‌ಗೂ ಮನೆಯ ರೌಟರ್‌ಗೂ ನಡುವಿನ ಕೊಂಡಿ ಬೇರೆ. ಅದಕ್ಕೆ ಬ್ಯಾಕ್‌ಹಾಲ್ ಎನ್ನುತ್ತಾರೆ. ನೋಡ್‌ಗೇ ಸರಿಯಾಗಿ ಸಿಗದಿದ್ದರೆ ಅದು ಫೋನಿಗೆ ಏನು ಕೊಟ್ಟೀತು?

ಇದನ್ನು ಕಣ್ಣಾರೆ ನೋಡಬೇಕಾದರೆ ವೈಫೈ ಅಳೆಯುವ ಆ್ಯಪ್ ಹಾಕಿಕೊಂಡು ನಡೆಯಿರಿ. ಅದು ಸಿಗ್ನಲ್ ಶಕ್ತಿಯನ್ನು ಡಿಬಿಎಂ ಎಂಬ ಅಳತೆಯಲ್ಲಿ ಮೈನಸ್ ಸಂಖ್ಯೆಯಾಗಿ ತೋರಿಸುತ್ತದೆ. -50 ಅಂದರೆ ಜೋರು, -67ರ ಆಸುಪಾಸು ಚೆನ್ನ, -80 ದಾಟಿದರೆ ಕಷ್ಟ. ಇಳಿತವನ್ನು ಡಿಬಿ ಎಂದು ಎಣಿಸುತ್ತಾರೆ: 3 ಇಳಿದರೆ ಶಕ್ತಿ ಅರ್ಧ, 10 ಇಳಿದರೆ ಹತ್ತರಲ್ಲಿ ಒಂದು ಪಾಲು.

ಔಟ್‌ಹೌಸ್ ಬಾಗಿಲ ಹೊರಗೆ -65 ಇದೆ ಅಂದುಕೊಳ್ಳಿ. ಒಳಗೆ ಹೋಗಿ ಬಾಗಿಲು ಹಾಕಿದಿರಿ, -80 ಆಯಿತು. ಎರಡೇ ಹೆಜ್ಜೆಯಲ್ಲಿ ಶಕ್ತಿ ಸುಮಾರು ಮೂವತ್ತರಲ್ಲಿ ಒಂದು ಪಾಲಿಗೆ ಬಿತ್ತು! ಬಯಲಲ್ಲಿ ದೂರ ಎರಡು ಪಟ್ಟಾದರೆ ಕಳೆಯುವುದು 6 ಡಿಬಿ ಅಷ್ಟೇ. ಈ 15 ಕಳೆಯಬೇಕಾದರೆ ಐದು ಪಟ್ಟಿಗಿಂತ ಜಾಸ್ತಿ ದೂರ ನಡೆಯಬೇಕು. ಹಾಗಾಗಿ ನಮಗೆ ಅಡ್ಡ ನಿಂತಿರುವುದು ಅಂಗಳ ಅಲ್ಲ, ಗೋಡೆ. ಕಬ್ಬಿಣದ ತಗಡಿನ ಶೆಡ್ ಆದರಂತೂ ಇನ್ನೂ ಕಷ್ಟ. ಲೋಹ ಸಿಗ್ನಲ್ಲನ್ನು ಹೊರಗೇ ತಿರುಗಿಸಿಬಿಡುತ್ತದೆ.

ನನ್ನ ಪ್ರಕಾರ ಆ ಗೋಡೆ ದಾಟಲು ತಂತಿಯೇ ಸರಿ. ಈಥರ್ನೆಟ್ ಕೇಬಲ್ 100 ಮೀಟರ್‌ವರೆಗೆ ಗಿಗಾಬಿಟ್ ವೇಗ ಒಯ್ಯುತ್ತದೆ. ಬಿಸಿಲು, ನೀರು ತಡೆಯುವ, ಹೊರಾಂಗಣಕ್ಕೆಂದೇ ಮಾಡಿದ ಕ್ಯಾಟ್ 6 ದರ್ಜೆಯ ಈಥರ್ನೆಟ್ ಕೇಬಲ್ ತನ್ನಿ. ತಂತಿ ಪೂರ್ತಿ ತಾಮ್ರದ್ದಾಗಿರಲಿ. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ್ದು ಬೇಡ. ಕರೆಂಟಿನ ವೈರ್ ಇರುವ ಪೈಪಿನಲ್ಲೇ ಇದನ್ನೂ ತೂರಿಸಬೇಡಿ, ಅದು ಅಪಾಯ.

ಇಲ್ಲಿ ಸುಲಭವಾಗಿ ಮರೆತುಹೋಗುವ ಒಂದು ವಿಷಯವಿದೆ. ಎರಡು ಕಟ್ಟಡಗಳಿಗೆ ಬೇರೆ ಬೇರೆ ಅರ್ಥಿಂಗ್ ಇದ್ದರೆ, ಹತ್ತಿರ ಸಿಡಿಲು ಬಡಿದಾಗ ಎರಡರ ನಡುವೆ ಭಾರಿ ವೋಲ್ಟೇಜ್ ಏಳಬಹುದು. ತಾಮ್ರದ ಕೇಬಲ್ ಅದಕ್ಕೆ ದಾರಿಯಾಗುತ್ತದೆ. ಅಂಥ ಕಡೆ ಲೋಹದ ಕವಚವಿಲ್ಲದ ಫೈಬರ್ ಎಳೆದು ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನು ಈಥರ್ನೆಟ್ ಸಿಗ್ನಲ್ ಆಗಿಸುವ, ಅದನ್ನು ಮತ್ತೆ ಬೆಳಕಾಗಿಸುವ ಪೆಟ್ಟಿಗೆ) ಹಾಕುವುದು ಒಳ್ಳೆಯದು. ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ, ಅಲ್ವಾ?

ನೆಲ ಅಗೆಯಲು ಆಗದಿದ್ದರೆ ಪಾಯಿಂಟ್ ಟು ಪಾಯಿಂಟ್ ಬ್ರಿಡ್ಜ್ ಇದೆ. ಎರಡು ಚಿಕ್ಕ ಆಂಟೆನಾಗಳನ್ನು ಹೊರಗೋಡೆಗಳ ಮೇಲೆ ಎದುರುಬದುರು ಕೂರಿಸಿ, ಅಲ್ಲಿಂದ ಒಳಗೆ ಕೇಬಲ್ ತರುವುದು. ಒಂದಕ್ಕೊಂದು ಕಂಡರೆ ಸಾಲದು. 50 ಮೀಟರ್ ದೂರಕ್ಕೆ, 5 ಗಿಗಾಹರ್ಟ್ಸ್‌ನಲ್ಲಿ, ಎರಡನ್ನೂ ಸೇರಿಸುವ ನೇರ ಗೆರೆಯ ನಡುಮಧ್ಯೆ, ಗೆರೆಯ ಸುತ್ತಲೂ ಸುಮಾರು 80 ಸೆಂಟಿಮೀಟರ್ ಜಾಗ ಖಾಲಿ ಇದ್ದರೆ ಚೆನ್ನ. ಎಲೆ ಉದುರಿದ ಕಾಲದಲ್ಲಿ ಜೋಡಿಸಿದ್ದು ಮರ ಚಿಗುರಿದ ಮೇಲೆ ಕುಂಟಬಹುದು.

ಇವೆರಡೂ ಆಗದಿದ್ದರೆ ಮಾತ್ರ ನೋಡ್‌ನಿಂದ ನೋಡ್‌ಗೆ ಗಾಳಿಯಲ್ಲೇ ದಾಟಿಸಿ. ಮನೆಯ ನೋಡ್ ಹಿತ್ತಲ ಕಿಟಕಿಯ ಬಳಿ ಇರಲಿ, ಔಟ್‌ಹೌಸ್‌ನದು ಅದಕ್ಕೆ ಎದುರಿನ ಕಿಟಕಿಯ ಬಳಿ. ಕೋಣೆಯ ಮೂಲೆಯಲ್ಲಿ ಸುಮ್ನೆ ಇಡಬೇಡಿ. ಒಂದೇ ರೇಡಿಯೊ ಫೋನಿಗೂ ಬ್ಯಾಕ್‌ಹಾಲ್‌ಗೂ ದುಡಿದರೆ ವೇಗ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಬ್ಯಾಕ್‌ಹಾಲ್‌ಗೇ ಬೇರೆ ರೇಡಿಯೊ ಮೀಸಲಿಟ್ಟ ಟ್ರೈಬ್ಯಾಂಡ್ ಮೆಶ್ ಆದರೆ ಆ ತೊಂದರೆ ಕಡಿಮೆ.

ಕೇಬಲ್ ಎಳೆದ ಮೇಲೆ ಔಟ್‌ಹೌಸ್‌ನಲ್ಲಿ ಹಳೆಯ ರೌಟರ್ ಬಳಸುವುದಾದರೆ ಅದನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ. ಆಗ ಅದು ಮನೆಯ ನೆಟ್‌ವರ್ಕನ್ನೇ ವೈಫೈ ಆಗಿ ಹಂಚುತ್ತದೆ, ಅಷ್ಟೇ. ರೌಟರ್ ಮೋಡ್‌ನಲ್ಲೇ ಬಿಟ್ಟರೆ ಅದು ತನ್ನದೇ ಇನ್ನೊಂದು ನೆಟ್‌ವರ್ಕ್ ಕಟ್ಟಿಕೊಳ್ಳುತ್ತದೆ. ಆಗ ಇಂಟರ್‌ನೆಟ್ ಬರುತ್ತದೆ, ಆದರೆ ಔಟ್‌ಹೌಸ್‌ನಲ್ಲಿರುವ ಪ್ರಿಂಟರ್ ಮನೆಯ ಕಂಪ್ಯೂಟರಿಗೆ ಕಾಣಿಸುವುದೇ ಇಲ್ಲ.