ನೋಟಿಸಿಲ್ಲದೆ ಕೆಲಸದಿಂದ ತೆಗೆದರೆ ಎಷ್ಟು ಹಣ ಬರಬೇಕು?

ಪ್ರಶ್ನೆ: ಕುಮಟಾ ಬಳಿಯ ಮೀನು ಸಂಸ್ಕರಣಾ ಘಟಕವೊಂದರಲ್ಲಿ 7 ವರ್ಷ 8 ತಿಂಗಳಿನಿಂದ ಕೋಲ್ಡ್ ಸ್ಟೋರೇಜ್ ಆಪರೇಟರ್ ಆಗಿದ್ದೇನೆ. ಮೀನಿನ ಆವಕ ಇಲ್ಲ, ನಾಲ್ಕು ಜನರನ್ನು ಕಡಿಮೆ ಮಾಡುತ್ತಿದ್ದೇವೆ, ನಾಳೆಯಿಂದ ಬರುವುದು ಬೇಡ, ಒಂದು ತಿಂಗಳ ಬೇಸಿಕ್ ಕೊಡುತ್ತೇವೆ ಎಂದಿದ್ದಾರೆ. ನನಗೆ ಸಿಗುವುದು ಅಷ್ಟೇನಾ?

ಉತ್ತರ: ಅಷ್ಟೇ ಅಲ್ಲ. ನಿಮಗೆ ಬರಬೇಕಾದ್ದು ಒಂದೇ ಮೊತ್ತವಲ್ಲ. ನೋಟಿಸಿನ ಬದಲಿಗೆ ಕೊಡುವ ಸಂಬಳ, ಕೆಲಸ ಕಡಿತದ ಪರಿಹಾರ, ಗ್ರಾಚ್ಯುಟಿ ಮೂರೂ ಬೇರೆ ಬೇರೆ, ಮೂರಕ್ಕೂ ಲೆಕ್ಕದ ರೀತಿ ಬೇರೆ. ಇವನ್ನು ಕಲಸಿ 'ಸೆಟಲ್‌ಮೆಂಟ್' ಎಂದು ಒಂದು ಅಂಕಿ ಮುಂದಿಟ್ಟಾಗಲೇ ನೌಕರ ಕಳೆದುಕೊಳ್ಳುವುದು. ಆದ್ದರಿಂದ ಮೊದಲ ಕೆಲಸ, ಮೂರನ್ನೂ ಪ್ರತ್ಯೇಕ ಸಾಲಿನಲ್ಲಿ ಬರೆದುಕೊಡಿ ಎಂದು ಕೇಳುವುದು.

2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಯಲ್ಲಿದೆ. ಅದಕ್ಕಿಂತ ಮೊದಲು ತೆಗೆದಿದ್ದರೆ 1947ರ ಕೈಗಾರಿಕಾ ವಿವಾದಗಳ ಕಾಯ್ದೆ ನೋಡಬೇಕು. ಈ ವಿಷಯದಲ್ಲಿ ಎರಡರ ತಿರುಳೂ ಹೆಚ್ಚುಕಡಿಮೆ ಒಂದೇ: ಒಂದು ವರ್ಷ ನಿರಂತರ ಸೇವೆ ಮಾಡಿದವರನ್ನು ತೆಗೆಯುವ ಮೊದಲು ಕಾರಣ ಬರೆದು ಒಂದು ತಿಂಗಳ ನೋಟಿಸು ಕೊಡಬೇಕು, ಇಲ್ಲವೇ ಆ ಅವಧಿಯ ಸಂಬಳ ಕೊಡಬೇಕು. ಜೊತೆಗೆ ಪರಿಹಾರ ಕೊಡಬೇಕು, ಸರ್ಕಾರಕ್ಕೂ ತಿಳಿಸಬೇಕು. ಬಾಯಿಮಾತಿನಲ್ಲಿ 'ನಾಳೆಯಿಂದ ಬೇಡ' ಎನ್ನುವುದು ನೋಟಿಸಲ್ಲ.

ಕರಾವಳಿಯಲ್ಲಿ ಮಾಲೀಕರು ಮೊದಲು ತೆಗೆಯುವ ತಕರಾರು ಈ 'ನಿರಂತರ ಸೇವೆ'ಯದ್ದು. ಮೀನುಗಾರಿಕೆ ನಿಷೇಧದ ಎರಡು ತಿಂಗಳು ಘಟಕ ಮುಚ್ಚಿರುತ್ತದೆ, ಹಾಗಾಗಿ ನಿಮ್ಮದು ವರ್ಷಪೂರ್ತಿಯ ಸೇವೆಯಲ್ಲ ಎನ್ನುತ್ತಾರೆ. ಈ ಮಾತು ನಿಲ್ಲುವುದಿಲ್ಲ. ತೆಗೆದ ದಿನದಿಂದ ಹಿಂದಕ್ಕೆ ಎಣಿಸಿ 12 ತಿಂಗಳಲ್ಲಿ 240 ದಿನ ಕೆಲಸವಾಗಿದ್ದರೆ ಒಂದು ವರ್ಷದ ನಿರಂತರ ಸೇವೆ ಆಯಿತು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಪೂರ್ತಿ ಕಳೆದರೂ 304 ದಿನ ಉಳಿಯುತ್ತದೆ. ಅದರಲ್ಲಿ ವಾರದ ರಜೆ ಸುಮಾರು 43 ಕಳೆದರೂ 261. ಸಂಬಳ ಸಹಿತ ವಾರದ ರಜೆ ಮತ್ತು ಹಬ್ಬದ ರಜೆಗಳನ್ನು ಕಳೆಯುವಂತೆಯೂ ಇಲ್ಲ. ಅವೂ ಕೆಲಸದ ದಿನಗಳೇ ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಸಂಬಳ ಸಹಿತ ರಜೆ, ಕೆಲಸದಲ್ಲಿ ಪೆಟ್ಟಾಗಿ ಮನೆಯಲ್ಲಿದ್ದ ದಿನ, ಹೆರಿಗೆ ರಜೆ ಕೂಡ ಸೇರುತ್ತವೆ. ಗೇರುಬೀಜದ ಕಾರ್ಖಾನೆ, ಶಿರಸಿ ಕಡೆಯ ಅಡಿಕೆ ವ್ಯವಹಾರದಲ್ಲಿ ಕೆಲಸ ಮಾಡುವವರೂ ಇದೇ ರೀತಿ ಎಣಿಸಿಕೊಳ್ಳಿ. ಹಾಜರಿ ಪುಸ್ತಕ ನಿಮ್ಮ ಕೈಗೆ ಸಿಗದಿದ್ದರೆ ಪಿಎಫ್ ಪಾಸ್‌ಬುಕ್ ಡೌನ್‌ಲೋಡ್ ಮಾಡಿ. ಪ್ರತಿ ತಿಂಗಳ ಜಮೆ ಅದರಲ್ಲಿರುತ್ತದೆ, ನಡುವೆ ಗುತ್ತಿಗೆದಾರರ ಹೆಸರು ಬದಲಾಗಿದ್ದರೆ ಅದೂ ಕಾಣುತ್ತದೆ.

ಈಗ ಲೆಕ್ಕ. ನೀವು ಸಂಬಳದ ವಿವರ ಬರೆದಿಲ್ಲ, ಆದ್ದರಿಂದ ಒಂದು ಮಾದರಿ ಇಟ್ಟುಕೊಳ್ಳೋಣ: ಬೇಸಿಕ್ ಮತ್ತು ತುಟ್ಟಿಭತ್ಯೆ ಸೇರಿ 17,000, ವಿಶೇಷ ಭತ್ಯೆ 1,000, ಮನೆ ಬಾಡಿಗೆ ಭತ್ಯೆ 6,000, ಪ್ರಯಾಣ ಭತ್ಯೆ 2,000, ಒಟ್ಟು 26,000 ರೂಪಾಯಿ.

ಹೊಸ ಸಂಹಿತೆಯಲ್ಲಿ 'ವೇತನ' ಎಂದರೆ ಏನು ಎಂಬುದಕ್ಕೆ ಪಟ್ಟಿಯಿದೆ. ಮನೆ ಬಾಡಿಗೆ, ಪ್ರಯಾಣ, ಓವರ್‌ಟೈಮ್, ಬೋನಸ್, ಕಮಿಷನ್, ಮಾಲೀಕರ ಪಿಎಫ್ ಪಾಲು ಅದರಿಂದ ಹೊರಗೆ. ಆದರೆ ಹೀಗೆ ಹೊರಗಿಟ್ಟ ಬಾಬತ್ತುಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಮೀರಿದಷ್ಟನ್ನು ಮತ್ತೆ ವೇತನಕ್ಕೆ ಸೇರಿಸಬೇಕು. ಬೇಸಿಕ್ ಕಡಿಮೆ ತೋರಿಸಿ ಭತ್ಯೆ ಉಬ್ಬಿಸಿದವರು ಇಲ್ಲಿ ಸಿಕ್ಕಿಬೀಳುತ್ತಾರೆ. ವಿಶೇಷ ಭತ್ಯೆ ಹೊರಗಿಡುವ ಪಟ್ಟಿಯಲ್ಲಿ ಇಲ್ಲ, ಹಾಗಾಗಿ ಅದು ವೇತನವೇ. ನಮ್ಮ ಮಾದರಿಯಲ್ಲಿ ವೇತನ 18,000. 'ಬೇಸಿಕ್ ಮಾತ್ರ' ಎಂಬುದು ಇಲ್ಲೇ ಬಿದ್ದುಹೋಯಿತು.

ಪರಿಹಾರ: ಪೂರ್ಣಗೊಂಡ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ, ಕೊನೆಯಲ್ಲಿ ಆರು ತಿಂಗಳು ಮೀರಿದ ಭಾಗವಿದ್ದರೆ ಅದಕ್ಕೂ ಒಂದು ವರ್ಷದ ಲೆಕ್ಕ. ನಿಮ್ಮ 7 ವರ್ಷ 8 ತಿಂಗಳು 8 ವರ್ಷ ಆಗುತ್ತದೆ. ತಿಂಗಳ ಸಂಬಳದವರಿಗೆ ಸರಾಸರಿ ತೆಗೆಯುವುದು ಹಿಂದಿನ ಮೂರು ಪೂರ್ಣ ತಿಂಗಳಿಂದ. 15 ದಿನ ಎಂದರೆ ತಿಂಗಳ ಅರ್ಧ, ಅಂದರೆ 9,000. ಎಂಟರಿಂದ ಗುಣಿಸಿದರೆ 72,000.

ಗ್ರಾಚ್ಯುಟಿಯಲ್ಲೂ 15 ದಿನವೇ, ಆದರೆ ಅಲ್ಲಿ ಭಾಗಿಸುವುದು 26ರಿಂದ: 18,000 × 15 ÷ 26 × 8, ಅಂದರೆ 83,077. ಎರಡಕ್ಕೂ 26 ಹಾಕಬೇಕು ಎಂದು ನೌಕರರೂ ಎರಡಕ್ಕೂ 30 ಹಾಕಬೇಕು ಎಂದು ಲೆಕ್ಕಿಗರೂ ವಾದಿಸುವುದುಂಟು. ಗ್ರಾಚ್ಯುಟಿಯ 26ನ್ನು ಕಡಿತದ ಪರಿಹಾರಕ್ಕೆ ತರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2007ರಲ್ಲಿ ಹಳೆಯ ಕಾಯ್ದೆಯಡಿ ಸ್ಪಷ್ಟಪಡಿಸಿದೆ.

ಇನ್ನು ನೋಟಿಸಿನ ಬದಲಿಗೆ ಕೊಡುವ ಸಂಬಳ. ಹೆಚ್ಚು ಜಗಳ ಆಗುವುದು ಇಲ್ಲೇ. ಕಂಪನಿ 18,000 ಎನ್ನಬಹುದು. ನಮ್ಮ ಸಲಹೆ, 26,000 ಕೇಳಿ. ನೋಟಿಸು ಕೊಟ್ಟು ಆ ತಿಂಗಳು ದುಡಿಸಿಕೊಂಡಿದ್ದರೆ ಮನೆ ಬಾಡಿಗೆ, ಪ್ರಯಾಣ ಎಲ್ಲ ಸೇರಿ 26,000 ನಿಮ್ಮ ಖಾತೆಗೆ ಬರುತ್ತಿತ್ತು. ನೋಟಿಸು ತಪ್ಪಿಸಿದ್ದರಿಂದ ಮಾಲೀಕರಿಗೆ 8,000 ಉಳಿತಾಯ ಆಗಬಾರದು. ನೇಮಕಾತಿ ಪತ್ರದಲ್ಲಿ ಎರಡು ತಿಂಗಳು ಎಂದಿದ್ದರೆ ಎರಡು ತಿಂಗಳದ್ದೇ ಕೇಳಬೇಕು. ಕಾನೂನಿನ ಒಂದು ತಿಂಗಳು ಕನಿಷ್ಠ ಮಿತಿ, ಗರಿಷ್ಠವಲ್ಲ.

ಅರ್ಧ ನೋಟಿಸು ಕೊಟ್ಟು ನಡುವೆ ಬಿಡಿಸಿದರೆ? ಜೂನ್ 10ರಂದು ನೋಟಿಸು ಕೈಗೆ ಬಂದರೆ ಎಣಿಕೆ 11ರಿಂದ, ಮುಗಿಯುವುದು ಜುಲೈ 10ಕ್ಕೆ. ಜೂನ್ 25ಕ್ಕೆ ಬಿಡಿಸಿದರೆ ಜೂನ್‌ನ 5 ದಿನ, ಜುಲೈನ 10 ದಿನ ಬಾಕಿ. ಆಯಾ ತಿಂಗಳ ದಿನಗಳಿಂದ ಭಾಗಿಸಿ: 26,000 ÷ 30 × 5 ಎಂದರೆ 4,333, 26,000 ÷ 31 × 10 ಎಂದರೆ 8,387, ಒಟ್ಟು 12,720. ಜೂನ್‌ನಲ್ಲಿ ದುಡಿದ 25 ದಿನಗಳ ಸಂಬಳ ಇದರ ಮೇಲೆ. ಉಳಿದ ದಿನಗಳಿಗೆ ನಿಮ್ಮ ಗಳಿಕೆ ರಜೆಯನ್ನು ಹಾಕಿ ಸರಿದೂಗಿಸಲು ಹೊರಟರೆ ಒಪ್ಪಬೇಡಿ, ರಜೆಯ ಹಣ ಬೇರೆಯೇ ಬರಬೇಕು.

ದಿನಗೂಲಿಯವರಿಗೆ ಸರಾಸರಿ ತೆಗೆಯುವುದು ಹಿಂದಿನ 12 ಪೂರ್ಣ ಕೆಲಸದ ದಿನಗಳಿಂದ. ದಿನಕ್ಕೆ 600 ಇದ್ದರೆ ವರ್ಷಕ್ಕೆ ಪರಿಹಾರ 9,000.

ಇವಲ್ಲದೆ ಹೊಸ ಸಂಹಿತೆಯಲ್ಲಿ ಮರುಕೌಶಲ ನಿಧಿ ಎಂಬುದಿದೆ. ತೆಗೆದ ಪ್ರತಿ ಕಾರ್ಮಿಕರ ಲೆಕ್ಕದಲ್ಲಿ ಮಾಲೀಕರು 15 ದಿನದ ವೇತನವನ್ನು ನಿಧಿಗೆ ಕಟ್ಟಬೇಕು, ಅದು 45 ದಿನದೊಳಗೆ ಕಾರ್ಮಿಕರ ಖಾತೆಗೆ ಬರಬೇಕು. ಇದನ್ನು ಪರಿಹಾರದಲ್ಲೇ ಸೇರಿಸಿ ತೋರಿಸುವಂತಿಲ್ಲ.

ತೆರಿಗೆಯ ಮಾತು ಚಿಕ್ಕದು: ಕಡಿತದ ಪರಿಹಾರಕ್ಕೆ 5 ಲಕ್ಷದ ಮಿತಿಯೊಳಗೆ ವಿನಾಯಿತಿ ಇದೆ, ನೋಟಿಸಿನ ಸಂಬಳಕ್ಕೆ ಇಲ್ಲ. ಚೀಟಿಯಲ್ಲಿ ಬೇರೆ ಬೇರೆ ಬರೆಸಿಕೊಳ್ಳಲು ಇದೂ ಒಂದು ಕಾರಣ.

ಎಲ್ಲರಿಗೂ ಈ ಲೆಕ್ಕ ಅನ್ವಯಿಸುವುದಿಲ್ಲ. ಮ್ಯಾನೇಜರ್ ದರ್ಜೆಯವರು ಮತ್ತು ತಿಂಗಳಿಗೆ 18,000 ಮೀರಿದ ವೇತನದ ಮೇಲ್ವಿಚಾರಕರು ಸಂಹಿತೆಯ 'ಕಾರ್ಮಿಕ' ಅಲ್ಲ, ಅವರಿಗೆ ನೇಮಕಾತಿ ಪತ್ರವೇ ಮುಖ್ಯ ಆಧಾರ. ಆದರೆ ಹುದ್ದೆಯ ಹೆಸರು ನೋಡಿ ಹೆದರಬೇಡಿ. ಕಾರ್ಡಿನಲ್ಲಿ 'ಸೂಪರ್‌ವೈಸರ್' ಎಂದಿದ್ದು ದಿನವಿಡೀ ಯಂತ್ರ ನಡೆಸುವವರು ಕಾರ್ಮಿಕರೇ. ನಿಗದಿತ ಅವಧಿಯ ಒಪ್ಪಂದ ತಾನಾಗಿ ಮುಗಿದರೆ ಅದು ಕಡಿತವಲ್ಲ. ಅಂಗಡಿ, ಹೋಟೆಲು, ಕಚೇರಿಗಳಲ್ಲಿ ಒಂದು ವರ್ಷ ತುಂಬದವರಿಗೂ ಒಂದು ಆಸರೆ ಇದೆ: 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಕಲಂ ಪ್ರಕಾರ ಆರು ತಿಂಗಳು ನಿರಂತರ ದುಡಿದವರನ್ನು ತೆಗೆಯಲು ಸಕಾರಣ ಬೇಕು, ಒಂದು ತಿಂಗಳ ನೋಟಿಸು ಅಥವಾ ಸಂಬಳವೂ ಬೇಕು. 300ಕ್ಕಿಂತ ಕಡಿಮೆಯಿಲ್ಲದಷ್ಟು ಕಾರ್ಮಿಕರಿರುವ, ವರ್ಷದ ಒಂದು ಹಂಗಾಮಿನಲ್ಲಷ್ಟೇ ನಡೆಯುವಂಥದ್ದಲ್ಲದ ಕಾರ್ಖಾನೆಗಳಲ್ಲಿ ನೋಟಿಸು ಮೂರು ತಿಂಗಳದ್ದು, ಸರ್ಕಾರದ ಪೂರ್ವಾನುಮತಿಯೂ ಬೇಕು.

ಕಂಪನಿ 'ಅನುಭವ ಪತ್ರ ಚೆನ್ನಾಗಿ ಬರೆದುಕೊಡುತ್ತೇವೆ, ರಾಜೀನಾಮೆ ಬರೆಯಿರಿ' ಎಂದರೆ ಬರೆಯಬೇಡಿ. ರಾಜೀನಾಮೆ ಕೊಟ್ಟ ಕ್ಷಣ ನೋಟಿಸಿನ ಸಂಬಳ, ಪರಿಹಾರ ಎರಡೂ ಹೋಗುತ್ತವೆ, ನೋಟಿಸು ಕೊಡದ್ದಕ್ಕೆ ನಿಮ್ಮಿಂದಲೇ ಹಣ ಮುರಿದುಕೊಳ್ಳುವ ದಾರಿಯೂ ತೆರೆಯುತ್ತದೆ. ಚೆಕ್ ಕೊಟ್ಟರೆ ತೆಗೆದುಕೊಳ್ಳಿ, ರಸೀದಿಯ ಮೇಲೆ 'ಲೆಕ್ಕಕ್ಕೆ ಒಪ್ಪಿಗೆ ಇಲ್ಲ, ನನ್ನ ಹಕ್ಕು ಕಾಯ್ದಿರಿಸಿ ಪಡೆದಿದ್ದೇನೆ' ಎಂದು ಬರೆದು ಸಹಿ ಹಾಕಿ, ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ನಿಮಗಿಂತ ನಂತರ ಅದೇ ಕೆಲಸಕ್ಕೆ ಸೇರಿದವರನ್ನು ಉಳಿಸಿಕೊಂಡಿದ್ದರೆ ಅದನ್ನೂ ಬರೆದಿಡಿ. ಕೊನೆಗೆ ಬಂದವರು ಮೊದಲು ಹೋಗಬೇಕೆಂಬುದು ಸಾಮಾನ್ಯ ನಿಯಮ, ಮೀರಿದರೆ ಕಾರಣ ದಾಖಲಿಸಬೇಕು.

ನೋಟಿಸಿನ ಸಂಬಳ ಮತ್ತು ಪರಿಹಾರ ತೆಗೆಯುವ ಹೊತ್ತಿಗೇ ಕೈಸೇರಬೇಕು. ಅದು ಕಡಿತಕ್ಕೆ ಮುಂಚಿನ ಷರತ್ತು, ಪಾಲಿಸದಿದ್ದರೆ ಕಡಿತವೇ ಅಸಿಂಧು ಎಂದು 1960ರಿಂದಲೂ ಸುಪ್ರೀಂ ಕೋರ್ಟಿನ ನಿಲುವು. ದುಡಿದ ದಿನಗಳ ಬಾಕಿ ಸಂಬಳಕ್ಕೆ ವೇತನ ಸಂಹಿತೆ ಕೊಟ್ಟಿರುವ ಗಡುವು ಎರಡು ಕೆಲಸದ ದಿನ. ಬಾರದಿದ್ದರೆ ಲೆಕ್ಕ ಸಮೇತ ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ಪ್ರತಿಯೊಂದಿಗೆ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರನ್ನೋ ಕಾರವಾರದ ಕಾರ್ಮಿಕ ಅಧಿಕಾರಿಯನ್ನೋ ಕಾಣಿ. ಕೈಗಾ ಅಣುಸ್ಥಾವರ ಅಥವಾ ಕೊಂಕಣ ರೈಲ್ವೆಯ ಗುತ್ತಿಗೆಯಲ್ಲಿ ದುಡಿಯುವವರು ಮಾತ್ರ ಕೇಂದ್ರದ ಕಾರ್ಮಿಕ ಆಯುಕ್ತರ ಕಚೇರಿಗೆ ಹೋಗಬೇಕು. ಕಾರವಾರ ವಾಣಿಜ್ಯ ಬಂದರು ರಾಜ್ಯದ್ದಾದ್ದರಿಂದ ಅಲ್ಲಿನ ದೂರು ರಾಜ್ಯದ ಅಧಿಕಾರಿಗೇ. ಸಂಧಾನಕ್ಕೆ ಹೋಗಲು ಹೊಸ ಸಂಹಿತೆಯಲ್ಲಿ ಎರಡು ವರ್ಷದ ಮಿತಿಯಿದೆ. ಸಂಧಾನ ಮುರಿದರೆ ವರದಿ ಬಂದ 90 ದಿನದೊಳಗೆ ನೀವೇ ನೇರವಾಗಿ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಅರ್ಜಿಯ ಜೊತೆ ನೇಮಕಾತಿ ಪತ್ರ, ಕೊನೆಯ ಮೂರು ತಿಂಗಳ ಸ್ಯಾಲರಿ ಸ್ಲಿಪ್, ಬ್ಯಾಂಕ್ ಪಾಸ್‌ಬುಕ್, ಪಿಎಫ್ ಪಾಸ್‌ಬುಕ್, 'ನಾಳೆಯಿಂದ ಬರುವುದು ಬೇಡ' ಎಂದ ವಾಟ್ಸ್ಆ್ಯಪ್ ಸಂದೇಶವಿದ್ದರೆ ಅದರ ಮುದ್ರಿತ ಪ್ರತಿ ಇರಲಿ.