ರಟ್ಟು ಬಾಗಿದರೆ ದಪ್ಪ ರಟ್ಟು ಮದ್ದಲ್ಲ

ರಾಯಚೂರು, ಬಳ್ಳಾರಿ, ಕೊಪ್ಪಳ ಯಾವ ಊರಿನ ಬೈಂಡಿಂಗ್ ಅಂಗಡಿಗೆ ಹೋದರೂ ಬೇಸಿಗೆಯಲ್ಲಿ ಒಂದೇ ದೂರು ಕೇಳಿಸುತ್ತದೆ: ಹೊಸದಾಗಿ ಕಟ್ಟಿಸಿದ ಪುಸ್ತಕದ ರಟ್ಟು ಎದ್ದಿದೆ, ಮೇಜಿನ ಮೇಲೆ ಸಮ ಕೂರುತ್ತಿಲ್ಲ. ಪರಿಹಾರವನ್ನೂ ಗಿರಾಕಿಯೇ ಹೇಳಿಬಿಡುತ್ತಾರೆ: "ರಟ್ಟು ತೆಳ್ಳಗಾತ್ರೀ, ಈ ಸಲ ದಪ್ಪಂದು ಹಾಕ್ರಿ." ಥೀಸಿಸ್ ತಂದ ವಿದ್ಯಾರ್ಥಿ, ಗಂಜಿನ ಅಡತಿ ಅಂಗಡಿಯ ಗುಮಾಸ್ತರು, ಮನೆಯ ಹಳೇ ಪುರಾಣದ ಪುಸ್ತಕ ಹಿಡಿದು ಬಂದ ಅಜ್ಜಾರು, ಎಲ್ಲರದೂ ಇದೇ ಮಾತು.

ದಪ್ಪ ರಟ್ಟು ತುಸು ಹೆಚ್ಚು ತಡೆದುಕೊಳ್ಳುತ್ತದೆ, ಅದು ಸುಳ್ಳಲ್ಲ. ಆದರೆ ರಟ್ಟು ಬಾಗುವ ಕಾರಣ ಅದರ ದಪ್ಪದಲ್ಲಿಲ್ಲ. ಅಂಟಿನಲ್ಲಿರುವ ನೀರು ಒಂದು ಕಾರಣ, ಕಾಗದದ ನಾರು ಮಲಗಿರುವ ದಿಕ್ಕು ಇನ್ನೊಂದು. ಇವೆರಡನ್ನು ನೋಡದೆ 3 ಮಿ.ಮೀ. ರಟ್ಟು ಹಾಕಿದರೆ ಅದೂ ನಿಧಾನಕ್ಕೆ ಬಾಗುತ್ತದೆ. ಸಾಲದ್ದಕ್ಕೆ ಆ ಭಾರ ಬೆನ್ನಿನ ಪಕ್ಕದ ಸಂದಿನ ಮೇಲೆ ಬಿದ್ದು ಅಲ್ಲಿ ಬಟ್ಟೆ ಬೇಗ ಹರಿಯುತ್ತದೆ. ಎ4 ಅಳತೆಯ, ಇನ್ನೂರು ಮುನ್ನೂರು ಹಾಳೆಯ ಪುಸ್ತಕಕ್ಕೆ 2 ಮಿ.ಮೀ. ಗ್ರೇ ಬೋರ್ಡ್ ಧಾರಾಳ ಸಾಕು.

ನಾರಿನ ವಿಷಯ ತುಸು ಬಿಡಿಸಿ ಹೇಳಬೇಕು, ಯಾಕೆಂದರೆ ತಪ್ಪು ನಡೆಯುವುದು ಇಲ್ಲಿಯೇ. ಗಿರಣಿಯಲ್ಲಿ ಕಾಗದದ ತಿರುಳು ಓಡುವ ಜಾಲರಿಯ ಮೇಲೆ ಹರಿದು ಹಾಳೆಯಾಗುತ್ತದೆ. ಆಗ ನಾರುಗಳಲ್ಲಿ ಹೆಚ್ಚಿನವು ಓಟದ ದಿಕ್ಕಿಗೇ ಮಲಗುತ್ತವೆ. ನಾರು ನೀರು ಕುಡಿದರೆ ಉದ್ದ ಬೆಳೆಯುವುದು ತೀರಾ ಕಡಿಮೆ, ದಪ್ಪವಾಗುವುದೇ ಹೆಚ್ಚು. ಮಳೆಗಾಲದಲ್ಲಿ ಬಾಗಿಲಿನ ಹಲಗೆ ಅಗಲಕ್ಕೆ ಹಿಗ್ಗಿ ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆಯೇ ಹೊರತು ಉದ್ದಕ್ಕೆ ಬೆಳೆಯುವುದಿಲ್ಲವಲ್ಲ, ಹಾಗೆ. ಅಂಟು ಬಳಿದ ಕಾಗದ ನಾರಿಗೆ ಅಡ್ಡಲಾಗಿ ಹಿಗ್ಗುತ್ತದೆ, ಹಿಗ್ಗಿದ ಸ್ಥಿತಿಯಲ್ಲೇ ರಟ್ಟಿಗೆ ಅಂಟುತ್ತದೆ, ಒಣಗುವಾಗ ಮೊದಲಿನ ಅಳತೆಗೆ ಬರಲು ಹೋಗಿ ರಟ್ಟನ್ನೂ ಜೊತೆಗೆ ಎಳೆಯುತ್ತದೆ.

ಆದ್ದರಿಂದ ಒಳಹಾಳೆ, ಅಸ್ತರ್ ಕಾಗದ (ರಟ್ಟಿನ ಒಳಮೈಗೆ ಅಂಟಿಸುವ ಹಾಳೆ), ರಟ್ಟು ಮೂರರ ನಾರೂ ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿ, ತಲೆಯಿಂದ ಕಾಲಿನ ಕಡೆಗೆ ಇರಬೇಕು. ಹೊದಿಕೆಯ ಬಟ್ಟೆಯ ಹಾಸಿನ ಎಳೆ, ಅಂದರೆ ಥಾನಿನ ಅಂಚಿಗೆ ಸಮಾನಾಂತರವಾಗಿ ಓಡುವ ಎಳೆಯೂ ಅದೇ ದಿಕ್ಕಿಗೆ ಬರಬೇಕು. ಥಾನಿನ ಅಂಚು ಯಾವ ಕಡೆಗಿದೆ ಎಂದು ನೋಡಿದರೆ ಅದು ಗೊತ್ತಾಗುತ್ತದೆ. ಹೀಗಿದ್ದಾಗ ಹಿಗ್ಗುವುದು ಕುಗ್ಗುವುದೆಲ್ಲ ಪುಟ ತೆರೆಯುವ ಅಂಚಿನ ಕಡೆಗೆ ಸಾಗುತ್ತದೆ, ಅಲ್ಲಿ ತಡೆಯಿಲ್ಲ. ನಾರು ಅಡ್ಡ ಬಿದ್ದರೆ ಹಾಳೆ ಬೆನ್ನಿನ ಉದ್ದಕ್ಕೆ ಹಿಗ್ಗಲು ನೋಡುತ್ತದೆ, ಬೆನ್ನಿನಲ್ಲಿ ಅಂಟು ಹಿಡಿದಿರುತ್ತದೆ. ಅಲ್ಲಿ ಪುಟ ಅಲೆಅಲೆಯಾಗುತ್ತದೆ, ರಟ್ಟು ಮೂಲೆಯಿಂದ ಮೂಲೆಗೆ ತಿರುಚಿಕೊಳ್ಳುತ್ತದೆ, ಪುಸ್ತಕ ತೆರೆದಿಟ್ಟರೆ ತಾನೇ ಮುಚ್ಚಿಕೊಳ್ಳುತ್ತದೆ.

ಅಂಗಡಿಯಲ್ಲಿ ಸಿಗುವ ಎ4 ಹಾಳೆಯ ನಾರು ಸಾಮಾನ್ಯವಾಗಿ ಉದ್ದಕ್ಕೆ, ಅಂದರೆ 297 ಮಿ.ಮೀ. ಬದಿಗೆ ಇರುತ್ತದೆ. ಉದ್ದದ ಬದಿಗೆ ಬೈಂಡಿಂಗ್ ಮಾಡಿದರೆ ಸರಿ. ಅದೇ ಹಾಳೆಯನ್ನು ನಡುವೆ ಮಡಚಿ ಎ5 ಪುಸ್ತಕ ಮಾಡಿಕೊಡಿ ಅಂದರೆ ನಾರು ಬೆನ್ನಿಗೆ ಅಡ್ಡ ಬರುತ್ತದೆ. ಮಡಿಕೆಯ ಗೆರೆ ಬಿರುಕು ಬಿಡುತ್ತದೆ, ಜುಜ್ ಹೊಲಿಗೆ (ಮಡಚಿದ ಹಾಳೆಗಳ ಕಟ್ಟುಗಳನ್ನು ಮಡಿಕೆಯಲ್ಲಿ ಹೊಲಿಯುವುದು) ಎಷ್ಟು ಬಿಗಿ ಹಾಕಿದರೂ ಪುಟ ಮಲಗುವುದಿಲ್ಲ. ಕಾಗದ ಮನೆಯಿಂದಲೇ ಕೊಂಡು ತರುವವರು ದಯವಿಟ್ಟು ಇದೊಂದನ್ನು ನೋಡಿ. ಪರೀಕ್ಷೆ ಸುಲಭ. ಹಾಳೆಯಿಂದ 10 ಸೆಂ.ಮೀ. ಉದ್ದ, ಒಂದೂವರೆ ಸೆಂ.ಮೀ. ಅಗಲದ ಎರಡು ಪಟ್ಟಿ ಕತ್ತರಿಸಿ, ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ. ಎರಡನ್ನೂ ಒಂದೇ ತುದಿಯಲ್ಲಿ ಹಿಡಿದರೆ ಒಂದು ಹೆಚ್ಚು ಜೋತು ಬೀಳುತ್ತದೆ. ಜೋತು ಬಿದ್ದದ್ದು ನಾರಿಗೆ ಅಡ್ಡ ಕತ್ತರಿಸಿದ್ದು. ರಟ್ಟಾದರೆ ಎರಡು ಅಂಗೈ ನಡುವೆ ಹಿಡಿದು ಒತ್ತಿ ನೋಡಿ, ಒಂದು ಕಡೆಗೆ ಸಲೀಸಾಗಿ ಬಾಗುತ್ತದೆ. ಆ ಬಾಗಿನ ಗೆರೆಯೇ ನಾರಿನ ದಿಕ್ಕು.

ಇನ್ನು ನೀರಿನ ಮಾತು. ಮೈದಾ ಅಂಟಿಗೆ 100 ಗ್ರಾಂ ಹಿಟ್ಟಿಗೆ ಅರ್ಧ ಲೀಟರ್ ನೀರು ಸಾಕು. ಮೊದಲು ಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಉಳಿದ ನೀರು ಕುದಿಸಿ ಅದಕ್ಕೆ ಸುರಿದು, ಸಣ್ಣ ಉರಿಯಲ್ಲಿ ಹಿಟ್ಟು ಪಾರದರ್ಶಕವಾಗುವ ತನಕ ತಿರುವಬೇಕು. ಹುಳು ಹಿಡಿಯದಿರಲಿ ಎಂದು ಚಿಟಿಕೆ ಮೈಲುತುತ್ತ ಹಾಕುವ ರೂಢಿಯಿದೆ. ಅದು ವಿಷ, ಅಡುಗೆಯ ಪಾತ್ರೆ ಬಳಸಬೇಡಿ, ಮಕ್ಕಳ ಕೈಗೆ ಸಿಗದಂತೆ ಇಡಿ. ನೀರು ಹೆಚ್ಚಾದಷ್ಟೂ ಕಾಗದ ಹೆಚ್ಚು ಹಿಗ್ಗುತ್ತದೆ. ಅಸ್ತರ್ ಅಂಟಿಸುವಾಗ ಮಂದವಾದ ಅಂಟನ್ನು ತೆಳುವಾಗಿ ಹಚ್ಚುವುದು ಒಳ್ಳೆಯದು. ಬೆನ್ನಿಗೆ ಫೆವಿಕಾಲ್ ತರಹದ ಬಿಳಿ ಅಂಟು ಸರಿ, ಅದರಲ್ಲಿ ನೀರು ಕಡಿಮೆ, ಒಣಗಿದ ಮೇಲೂ ಬಳುಕುತ್ತದೆ.

ಹೊರಗಿನ ಬಟ್ಟೆ ಒಣಗುತ್ತಾ ರಟ್ಟನ್ನು ಹೊರಕ್ಕೆ ಎಳೆಯುತ್ತದೆ. ಒಳಗಿನ ಅಸ್ತರ್ ಕಾಗದ ಅದನ್ನು ಒಳಕ್ಕೆ ಎಳೆದು ಸಮ ಮಾಡುತ್ತದೆ. ಎರಡೂ ಎಳೆತ ಒಂದೇ ಹೊತ್ತಿಗೆ, ಒತ್ತಡದಲ್ಲಿ ಒಣಗಿದರೆ ಮಾತ್ರ ಈ ಲೆಕ್ಕ ಕೂಡುತ್ತದೆ. ನಮ್ಮ ಕಡೆಯ ಅವಸರ ಕೆಡಿಸುವುದು ಇದನ್ನೇ. "ಸಂಜಿಗೆ ಬೇಕ್ರಿ, ನಾಳೆ ಸಬ್ಮಿಷನ್ ಅದ" ಎಂದು ಪುಸ್ತಕ ಒತ್ತಿಡುವ ಪ್ರೆಸ್ಸಿನಿಂದ ಬಿಡಿಸಿಕೊಂಡು, ಒಣಗಲಿ ಎಂದು ಸ್ಕೂಟರಿನ ಸೀಟಿನ ಮೇಲೆ ಬಿಸಿಲಿಗೆ ಇಡುತ್ತಾರೆ. ಏಪ್ರಿಲ್, ಮೇ ತಿಂಗಳ 40 ಡಿಗ್ರಿ ದಾಟಿದ ಬಿಸಿಲಿಗೆ ಹೊರಮೈ ಮೊದಲು ಒಣಗಿ ಎಳೆಯುತ್ತದೆ, ಒಳಗಿನ್ನೂ ಹಸಿ. ಅರ್ಧ ಗಂಟೆಯಲ್ಲಿ ರಟ್ಟು ಎದ್ದಿರುತ್ತದೆ. ಆ ವಿದ್ಯಾರ್ಥಿಯ ಗಾಬರಿ ಅರ್ಥವಾಗುತ್ತದೆ, ಎರಡು ಮೂರು ವರ್ಷದ ದುಡಿಮೆ ಅದು. ಅದಕ್ಕೇ ಎರಡು ದಿನ ಮೊದಲೇ ತನ್ನಿ ಎಂದು ಕೇಳಿಕೊಳ್ಳುವುದು.

ಅಸ್ತರ್ ಅಂಟಿಸಿದ ಮೇಲೆ ಒಳಪುಟಗಳಿಗೆ ತೇವ ಇಳಿಯದಂತೆ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು, ಎರಡೂ ಕಡೆ ಹಲಗೆ ಕೊಟ್ಟು ಪ್ರೆಸ್ಸಿನಲ್ಲಿ ಬಿಗಿಯಬೇಕು. ಅರ್ಧ ಗಂಟೆ ಕಳೆದು ಬಿಚ್ಚಿ, ಪ್ಲಾಸ್ಟಿಕ್ ತೆಗೆದು, ನೀರು ಹೀರುವ ಬಿಳಿ ಕಾಗದ ಸೇರಿಸಿ ಮತ್ತೆ ಬಿಗಿಯಬೇಕು. ಸುದ್ದಿಪತ್ರಿಕೆ ಬೇಡ, ಶಾಯಿ ಹತ್ತುತ್ತದೆ. ಬೇಸಿಗೆಯಲ್ಲಿ ಒಂದು ರಾತ್ರಿ, ಮಳೆಗಾಲದಲ್ಲಿ ಪೂರಾ 24 ಗಂಟೆ. ರೆಕ್ಸಿನ್ ಹೊದಿಕೆಯಾದರೆ ಇನ್ನಷ್ಟು ಹೊತ್ತು ಬೇಕಾಗಬಹುದು, ನೀರು ಪ್ಲಾಸ್ಟಿಕ್ ಪದರದ ಮೂಲಕ ಹೋಗುವುದಿಲ್ಲ, ಒಳಮುಖವಾಗಿಯೇ ಹೊರಬರಬೇಕು. ಮನೆಯಲ್ಲಿ ಪ್ರೆಸ್ ಇಲ್ಲದವರಿಗೆ ಒಂದು ಶಹಾಬಾದ್ ಕಲ್ಲಿನ ತುಂಡು ಸಾಕು: ಪುಸ್ತಕಕ್ಕಿಂತ ದೊಡ್ಡದಿರಲಿ, ಮೈ ಸಪಾಟಾಗಿರಲಿ, ಅದರ ಮೇಲೆ ಎಂಟು ಹತ್ತು ಕಿಲೋ ಭಾರ ಹೇರಿ.

ಈಗಾಗಲೇ ಬಾಗಿರುವ ರಟ್ಟನ್ನು ಕೈಯಿಂದ ಹಿಂದಕ್ಕೆ ಮಣಿಸಬೇಡಿ, ಸಂದು ಮುರಿಯುತ್ತದೆ. ಮೊದಲು ಯಾವ ಕಡೆ ಎಳೆದಿದೆ ನೋಡಿ. ತುದಿಗಳು ಪುಟದಿಂದ ದೂರ ಎದ್ದಿದ್ದರೆ ಹೊರಗಿನ ಎಳೆತ ಹೆಚ್ಚಾಗಿದೆ ಎಂದರ್ಥ. ಆಗ ರಟ್ಟಿನ ಒಳಮೈಗೆ ಇನ್ನೊಂದು ತೆಳು ಕಾಗದ, ನಾರು ಬೆನ್ನಿಗೆ ಸಮಾನಾಂತರವಾಗಿ, ಮೈದಾ ಅಂಟಿನಲ್ಲಿ ಅಂಟಿಸಿ ರಾತ್ರಿಯಿಡೀ ಒತ್ತಿಡಬೇಕು. ಒಂದು ಪದರಕ್ಕೆ ಸಾಲದಿದ್ದರೆ ಎರಡನೆಯದು. ತುದಿ ಪುಟಕ್ಕೆ ಒತ್ತಿಕೊಂಡು ರಟ್ಟಿನ ನಡು ಉಬ್ಬಿದ್ದರೆ ಅಸ್ತರ್ ಜಾಸ್ತಿ ಎಳೆದಿದೆ. ಅದನ್ನು ಬಿಡಿಸಿ ತೆಳು ಕಾಗದ ಹಾಕಬೇಕು, ಈ ಸಲ ಬಿಳಿ ಅಂಟಿನಲ್ಲಿ. ಮೂಲೆಯಿಂದ ಮೂಲೆಗೆ ತಿರುಚಿದ್ದರೆ ನಾರು ಅಡ್ಡ ಬಿದ್ದಿರುವ ಸಂಭವವೇ ಹೆಚ್ಚು. ಅಂಥದ್ದನ್ನು ಕಾಗದ ಅಂಟಿಸಿ ಸರಿಪಡಿಸಲು ಬರುವುದಿಲ್ಲ, ರಟ್ಟು ಬಿಚ್ಚಿ ಹೊಸದಾಗಿ ಕತ್ತರಿಸಿ ಹಾಕಬೇಕಾಗುತ್ತದೆ, ಅದೂ 2 ಮಿ.ಮೀ. ದಪ್ಪದ್ದೇ.